ನಡೆದದ್ದನ್ನೂ ಸೇರಿಸಿ

ಕಳೆದ ತಿಂಗಳು ಅಕ್ಕ ತೀರಿಕೊಂಡರು. ಉಡುಪಿಯ ಬನ್ನಂಜೆಯ ಅವರ ಸಣ್ಣ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರಲ್ಲಿ ಒಬ್ಬರು, ದೂರದ ಸಂಬಂಧಿಯಂತೆ, "ಒಳ್ಳೆ ಹೆಂಗಸು. ಸ್ವಲ್ಪ ಓಡುವ ಮರುಳು ಇತ್ತು, ಅಷ್ಟೆ" ಎಂದರು. ಉಳಿದವರು ತಲೆಯಾಡಿಸಿದರು. ಸಾವಿನ ಮನೆಯಲ್ಲಿ ಜಗಳ ಮಾಡಬಾರದೆಂದು ನಾನು ಬಾಯಿ ಮುಚ್ಚಿಕೊಂಡೆ. ಅಕ್ಕ ಆಗಿದ್ದರೆ ಮುಚ್ಚಿಕೊಳ್ಳುತ್ತಿರಲಿಲ್ಲ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ, ಆಫೀಸಿನಲ್ಲಿ ಕರೆಯುತ್ತಿದ್ದ ಹಾಗೆ ಅಕ್ಕ ಎಂದೇ ಬರೆಯುತ್ತೇನೆ. ತನ್ನ ಹೆಸರು ಎಲ್ಲಿಯಾದರೂ ಬರಬೇಕೆಂಬ ಆಸೆ ಅವರಿಗಿರಲಿಲ್ಲ. ಇಡೀ ಆಯುಷ್ಯದಲ್ಲಿ ಒಂದೇ ಒಂದು ಸಲ ಆಸೆಪಟ್ಟರು. ಆಗ ಬರೆದುಕೊಳ್ಳಬೇಕಾದವರು ಬರೆದುಕೊಳ್ಳಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಕಾರ್ಕಳದಿಂದ ಬಂದು ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದೆ. ಆಗ ಅಕ್ಕ ಅಲ್ಲಿ ಟ್ರಂಕ್ ಬೋರ್ಡಿನ ಮುಂದೆ ಕೂತು ಹತ್ತು ವರ್ಷ ಕಳೆದಿತ್ತು. ಊರಿಂದೂರಿಗೆ ಮಾತಾಡಬೇಕಾದರೆ ಮೊದಲು ನಮಗೆ ಹೇಳಬೇಕು, ನಾವು ಲೈನು ಹಿಡಿದು ಕೊಡಬೇಕು, ಮೂರು ನಿಮಿಷಕ್ಕೊಮ್ಮೆ ನಡುವೆ ಬಾಯಿ ಹಾಕಿ "ಮೂರು ನಿಮಿಷ ಆಯ್ತು, ಮುಂದುವರಿಸ್ಬೇಕಾ?" ಎಂದು ಕೇಳಬೇಕು. ಅಕ್ಕನಿಗೆ ಗಡಿಯಾರ ಬೇಕಿರಲಿಲ್ಲ. ಒಮ್ಮೆ ಲೈನ್‌ಮನ್‌ಗಳು ಪಂಥ ಕಟ್ಟಿ ಅವರ ಬೆನ್ನ ಹಿಂದೆ ವಾಚು ಹಿಡಿದು ನಿಂತರು. ಆರು ಸಲವೂ ಅಕ್ಕ ಸರಿಯಾಗಿ ಮೂರು ನಿಮಿಷಕ್ಕೆ ಕೈ ಎತ್ತಿದರು. ಏಳನೆಯ ಸಲ ಕೈ ಎತ್ತದೆ, "ಸಾಕು, ನಿಮಗೆ ಕೆಲಸ ಇಲ್ವಾ?" ಎಂದರು.

ಕಾಪುವಿನಿಂದ ಕಾರ್ಕಳದವರೆಗೆ ಫೋನಿದ್ದ ಮನೆ, ಅಂಗಡಿ, ಡಾಕ್ಟರರ ಶಾಪು, ಎಲ್ಲರಿಗೂ ಅವರ ಸ್ವರದ ಗುರುತಿತ್ತು. ಮುಖದ ಗುರುತು ಯಾರಿಗೂ ಇರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಲೈನ್ ಎಂಗೇಜ್ ಉಂಟು" ಎಂದು ಆಫೀಸಿನ ಸ್ವರದಲ್ಲೇ ಹೇಳುತ್ತಿದ್ದರು. ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ.

ಆಗ ಅವರ ಮನೆ ಉದ್ಯಾವರದಲ್ಲಿ. ಮನೆಯಲ್ಲಿ ತಾಯಿ ಮತ್ತು ಅವರು, ಇಬ್ಬರೇ. ಬೆಳಿಗ್ಗೆ ಆರರ ಡ್ಯೂಟಿ ಇದ್ದ ದಿನ ಮೊದಲ ಬಸ್ಸಿಗೆ ಕಾದರೆ ತಡವಾಗುತ್ತಿತ್ತು. ಮೊದಮೊದಲು ಅವರು ಬೇಗ ಹೊರಟು ನಡೆದು ಬರುತ್ತಿದ್ದರಂತೆ. ಒಂದು ದಿನ ತಾಯಿಗೆ ಉಬ್ಬಸ ಜೋರಾಗಿ ಹೊರಡುವಾಗಲೇ ಹೊತ್ತಾಯಿತು. ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿ, ಸೀರೆ ಎತ್ತಿ ಕಟ್ಟಿ, ಹೆದ್ದಾರಿಯ ಬದಿಯಲ್ಲಿ ಓಡಿದರು. ದಾರಿಯಲ್ಲಿ ಮೂರು ಕಡೆ ಜನ ತಡೆದು, "ಎಂತ ಆಯ್ತು? ಯಾರು ತೀರಿಹೋದ್ರು?" ಎಂದು ಕೇಳಿದರಂತೆ. ಹೆಂಗಸು ರಸ್ತೆಯಲ್ಲಿ ಓಡುವುದೆಂದರೆ ಸಾವಿನ ಸುದ್ದಿ ಎಂದೇ ಲೆಕ್ಕ.

"ನೀವು ಎಂತ ಹೇಳಿದ್ರಿ?" ಎಂದು ನಾನು ಕೇಳಿದೆ.

"ಯಾರೂ ಸತ್ತಿಲ್ಲ, ಡ್ಯೂಟಿ ಉಂಟು ಅಂತ ಹೇಳಿದೆ. ಆರು ಗಂಟೆಗೆ ಹತ್ತು ನಿಮಿಷ ಉಂಟು ಅನ್ನುವಾಗಲೇ ಇಲ್ಲಿ ಮುಟ್ಟಿದೆ ಮಾರಾಯ್ತಿ. ಆ ಹತ್ತು ನಿಮಿಷ ಕೂತುಕೊಂಡು, ನಾಳೆಯೂ ಓಡ್ಬೇಕು ಅಂತ ಅನ್ನಿಸ್ತು."

ಮರುದಿನ ಓಡಲು ಕಾರಣವಿರಲಿಲ್ಲ. ಆದರೂ ಓಡಿದರು. ನಾನು ಸೇರುವ ಹೊತ್ತಿಗೆ ಅದು ವರ್ಷಗಳ ರೂಢಿಯಾಗಿತ್ತು. "ನಿನ್ನನ್ನು ಯಾರು ಅಟ್ಟಿಸಿಕೊಂಡು ಬರ್ತಾರೆ ಅಂತ ಓಡ್ತಿ?" ಎಂದು ತಾಯಿ ಕೇಳುತ್ತಲೇ ಇದ್ದರು, ಇವರು ಓಡುತ್ತಲೇ ಇದ್ದರು.

ಎಂಬತ್ತರ ದಶಕದ ಆರಂಭದಲ್ಲಿ, ಮಳೆಗಾಲ ಇಳಿಯುವ ಹೊತ್ತಿಗೆ, ನಮ್ಮ ಆಫೀಸಿನ ಎದುರಿನ ಗೋಡೆಗೆ ಒಂದು ಜಾಹೀರಾತು ಅಂಟಿತು. ಯಾವುದೋ ಯುವಕ ಮಂಡಲದವರು ಜನವರಿಯಲ್ಲಿ ಪೂರ್ಣ ಮ್ಯಾರಥಾನ್ ಇಟ್ಟಿದ್ದರು. ಕಾರ್ಕಳದಿಂದ ಹೊರಟು ಬೆಳ್ಮಣ್, ಪಡುಬಿದ್ರಿ, ಕಾಪು ದಾಟಿ ಕಟಪಾಡಿಯ ಹತ್ತಿರ ಮುಗಿಯುವ ನಲವತ್ತೆರಡು ಕಿಲೋಮೀಟರ್. ಕೆಳಗೆ ಸಣ್ಣ ಅಕ್ಷರದಲ್ಲಿ, 'ಮಹಿಳೆಯರಿಗೆ ಪ್ರತ್ಯೇಕವಾಗಿ ಐದು ಕಿ.ಮೀ. ಓಟ'. ಅಕ್ಕ ಅದನ್ನು ಎರಡು ಸಲ ಓದಿದರು.

"ಐದಾ? ನಾನು ಡ್ಯೂಟಿಗೆ ಬರುವುದೇ ಅದಕ್ಕಿಂತ ಜಾಸ್ತಿ."

ನಾನು ನಕ್ಕೆ. ಅವರು ನಗಲಿಲ್ಲ. ಅಂದು ಸಂಜೆಯೇ ಎರಡು ಬಸ್ಸು ಬದಲಾಯಿಸಿ ತನ್ನ ಹಳೆಯ ಡ್ರಿಲ್ ಮಾಷ್ಟ್ರ ಮನೆಗೆ ಹೋದರು.

ಈ ಮಾಷ್ಟ್ರು ಕಾಪುವಿನ ಕಡೆಯವರು. ಹೈಸ್ಕೂಲಿನಲ್ಲಿ ಅಕ್ಕನನ್ನು ಓಡಿಸಿದವರು, ಎಂಟನೆಯ ಕ್ಲಾಸಿನ ನಂತರ "ಇನ್ನು ಸಾಕು, ನೀನು ದೊಡ್ಡವಳಾದೆ" ಎಂದು ನಿಲ್ಲಿಸಿದವರೂ ಅವರೇ. ಈಗ ನಿವೃತ್ತರಾಗಿ, ಆ ಓಟದ ಸಮಿತಿಯಲ್ಲಿ ಟೈಮ್ ನೋಡುವವರಾಗಿದ್ದರು. ಹೆಂಗಸಿಗೆ ಸಮಿತಿ ಒಪ್ಪುವುದಿಲ್ಲ ಎಂದು ಅವರು ಹೇಳಿದರು. ಆದರೆ ತರಬೇತಿ ಕೇಳಿ ಬಂದವಳನ್ನು ಬರಿಗೈಯಲ್ಲಿ ಕಳಿಸುವ ಮನಸ್ಸೂ ಬರಲಿಲ್ಲ. ಪಾಠ ಹೇಳುವ ಹಾಗೆ ಬರೆಸಿದರು: ದಿನಾ ಬೆಳಿಗ್ಗೆ ಹತ್ತು ಮೈಲು. ರಜೆ ಇಲ್ಲ. ಓಡುವಾಗ ನೀರು ಮುಟ್ಟಬಾರದು, ಬಾಯಾರಿಕೆ ಮನಸ್ಸಿನ ದೌರ್ಬಲ್ಯ. ಕೊನೆಯ ತಿಂಗಳಲ್ಲಿ ಪೂರ್ತಿ ದೂರವನ್ನು ಮೂರು ಸಲ ಓಡಿ ನೋಡಬೇಕು.

ಎರಡನೆಯ ಕ್ರಮ ಬಂದದ್ದು ಮಣಿಪಾಲದಿಂದ. ಅಲ್ಲಿ ಡಾಕ್ಟರಿಕೆ ಓದುತ್ತಿದ್ದ ಮಲೇಶಿಯಾದ ಹುಡುಗನೊಬ್ಬ ಊರಿಗೆ ಕಾಲ್ ಬುಕ್ ಮಾಡಲು ನಮ್ಮಲ್ಲಿಗೆ ಬರುತ್ತಿದ್ದ, ಗಂಟೆಗಟ್ಟಲೆ ಬೆಂಚಿನಲ್ಲಿ ಕಾಯುತ್ತಿದ್ದ. ಕಾಲಿಗೆ ದಪ್ಪ ತಳದ ಬಣ್ಣದ ಬೂಟು. ತನ್ನ ಊರಿನಲ್ಲಿ ಒಂದು ಮ್ಯಾರಥಾನ್ ಮುಗಿಸಿದ್ದನಂತೆ. ಅಕ್ಕ ವಿಚಾರಿಸಿದ್ದೇ ತಡ, ಮುಂದಿನ ವಾರ ಯಾವುದೋ ಪತ್ರಿಕೆಯಿಂದ ನಕಲು ಮಾಡಿದ ದೊಡ್ಡ ಹಾಳೆ ತಂದುಕೊಟ್ಟ. ಹದಿನಾರು ವಾರ, ವಾರಕ್ಕೆ ಏಳು ಚೌಕ, ಪ್ರತಿ ಚೌಕದಲ್ಲಿ ಇಂತಿಷ್ಟು ಕಿಲೋಮೀಟರ್. ಸೋಮವಾರ ಮತ್ತು ಶುಕ್ರವಾರದ ಚೌಕಗಳಲ್ಲಿ ಕೆಂಪು ಶಾಯಿಯಲ್ಲಿ ವಿಶ್ರಾಂತಿ ಎಂದಿತ್ತು. ಭಾನುವಾರ ದೂರದ ಓಟ, ಅದಾದ ಮೇಲೆ ಎರಡು ಗಂಟೆ ನಿದ್ದೆ.

ಅಕ್ಕ ಹಾಳೆಯನ್ನು ಬಹಳ ಹೊತ್ತು ನೋಡಿ, ಹುಡುಗನ ಮುಖ ನೋಡಿ ಕೇಳಿದರು. "ಇದನ್ನು ಬರೆದವನ ಮನೆಯಲ್ಲಿ ಅಕ್ಕಿ ಅರೆಯುವವರು ಯಾರು?"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗ ಮೊದಲು ನಕ್ಕ. ಆಮೇಲೆ ಕೆಂಪಾದ. ತನಗೆ ಅದು ಹೊಳೆದೇ ಇರಲಿಲ್ಲ, ತನ್ನ ಮನೆಯಲ್ಲಿ ಎಲ್ಲವನ್ನೂ ಅಮ್ಮನೇ ಮಾಡುವುದು ಎಂದ.

ಮೂರನೆಯ ಸಲಹೆ ಒಬ್ಬ ಡಾಕ್ಟರರದ್ದು. ಅದರಲ್ಲಿ ಓಟವೇ ಇರಲಿಲ್ಲ. ಮೂವತ್ತೆಂಟು ವರ್ಷದ ಹೆಂಗಸು ಇಷ್ಟು ದೂರ ಓಡಿದರೆ ಗರ್ಭಕೋಶ ಜಾರುತ್ತದೆ ಎಂದರಂತೆ.

"ಕೊಡಪಾನ ಹೊತ್ತುಕೊಂಡು ಬಾವಿಯಿಂದ ಬರುವಾಗ ಜಾರದ್ದು, ಕೈ ಬೀಸಿಕೊಂಡು ಓಡುವಾಗ ಯಾಕೆ ಜಾರ್ತದೆ ಡಾಕ್ಟ್ರೇ?" ಎಂದು ಕೇಳಿ ಅಕ್ಕ ಎದ್ದು ಬಂದರು.

ಉಳಿದದ್ದು ಎರಡು. ಗುರು ಎಂಬ ಗೌರವಕ್ಕೆ ಮೊದಲು ಮಾಷ್ಟ್ರದ್ದನ್ನೇ ಹಿಡಿದರು. ಹನ್ನೆರಡನೆಯ ದಿನ ಎಡ ಮೊಣಕಾಲು ಬಾತು, ಬೋರ್ಡಿನ ಮುಂದೆ ಸ್ಟೂಲಿನ ಮೇಲೆ ಕಾಲು ಚಾಚಿ ಕೂರಬೇಕಾಯಿತು. ಬಾವು ಇಳಿದ ಮೇಲೆ ಹುಡುಗನ ಹಾಳೆಯನ್ನು ಹಿಡಿದರು. ಅದು ಇನ್ನೊಂದು ಬಗೆಯಲ್ಲಿ ಕೈ ಕೊಟ್ಟಿತು. ನಮ್ಮ ಡ್ಯೂಟಿ ವಾರಕ್ಕೊಂದು ಹೊತ್ತು ಬದಲಾಗುತ್ತಿತ್ತು, ಭಾನುವಾರವೆಂಬುದು ನಮಗೆ ಭಾನುವಾರವೇ ಬರಬೇಕೆಂದಿರಲಿಲ್ಲ. ವಿಶ್ರಾಂತಿಯ ಚೌಕ ಬಂದ ದಿನ ತಾಯಿಗೆ ಔಷಧಿ ತರಲು ಊರೆಲ್ಲ ಓಡಾಟ. ಓಟದ ಚೌಕ ಬಂದ ದಿನ ಬೆಳಿಗ್ಗೆಯಿಂದ ಎರಡು ಗಂಟೆಯ ತನಕ ಬೋರ್ಡು. ಎರಡು ವಾರದಲ್ಲಿ ಒಂಬತ್ತು ಚೌಕ ತಪ್ಪಿತು.

ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವರು ಬುತ್ತಿ ಬಿಚ್ಚದೆ ಕೂತಿದ್ದರು. ಅವರು ಸೋತ ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬಿಟ್ಟುಬಿಡಿ ಅಕ್ಕ. ಐದು ಕಿಲೋಮೀಟರೇ ಓಡಿ. ಪ್ರೈಜ್ ಬರ್ತದೆ" ಎಂದೆ.

ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪುಂಟು. "ಎರಡು ಕಾಗದಕ್ಕೂ ನಾನು ಸರಿಯಾಗುವುದಿಲ್ಲ ಅಂತ ಇಷ್ಟು ದಿನ ನನ್ನನ್ನೇ ಬೈದುಕೊಂಡೆ. ಕಾಗದವೇ ನನಗೆ ಸರಿ ಇಲ್ಲ ಅಂತ ಯಾಕೆ ಹೇಳ್ಬಾರ್ದು? ನಿನ್ನ ಅಕ್ಷರ ಚಂದ ಉಂಟು. ಪೆನ್ನು ತೆಗಿ."

ಅಂದು ನಾವು ಹಳೆಯ ಡ್ಯೂಟಿ ಪಟ್ಟಿಯ ಹಿಂಬದಿಯಲ್ಲಿ ಅವರ ಕ್ರಮವನ್ನು ಬರೆದೆವು. ಹುಡುಗನ ಹಾಳೆಯಿಂದ ಒಂದು ತತ್ವ ತೆಗೆದುಕೊಂಡರು: ವಾರಕ್ಕೊಂದು ದೂರದ ಓಟ, ನಡುವೆ ಸಣ್ಣವು, ಏರಿಸಿ ಏರಿಸಿ ಒಮ್ಮೆ ಇಳಿಸುವುದು. ವಾರಗಳ ಹೆಸರು ಹೊಡೆದು ಹಾಕಿ ಡ್ಯೂಟಿಯ ಹೆಸರು ಬರೆಸಿದರು. ಬೆಳಗಿನ ಡ್ಯೂಟಿಯ ವಾರ ಉದ್ಯಾವರದಿಂದ ಆಫೀಸಿಗೆ ಓಟ. ಮಧ್ಯಾಹ್ನದ ಡ್ಯೂಟಿಯ ವಾರ ಬೆಳಿಗ್ಗೆ ಉಡುಪಿಗೆ ಬಂದು ಮಣಿಪಾಲದ ಏರು ಹತ್ತಿ ಇಳಿಯುವುದು. ಪಾಳಿ ಬದಲಾಗುವಾಗ ಸಿಗುವ ಖಾಲಿ ದಿನ ದೂರದ ಓಟ. ಅಕ್ಕಿ ಅರೆಯುವ ದಿನವನ್ನು ತೋಳಿನ ವ್ಯಾಯಾಮ ಎಂದೇ ಬರೆಸಿದರು, ತಮಾಷೆಗಲ್ಲ. ಕೊನೆಯದಾಗಿ ಅವರದ್ದೇ ಒಂದು ಸೂತ್ರ: ಮೂರು ಟ್ರಂಕ್ ಕಾಲ್‌ನಷ್ಟು ಹೊತ್ತು ಓಡುವುದು, ಒಂದು ಕಾಲ್‌ನಷ್ಟು ಹೊತ್ತು ನಡೆಯುವುದು. ಒಂಬತ್ತು ನಿಮಿಷ, ಮೂರು ನಿಮಿಷ. ವಾಚು ಬೇಡ.

ಹುಡುಗ ಅದನ್ನು ಓದಿಸಿಕೊಂಡು ಕೇಳಿ, ಇದು ತನ್ನ ಹಾಳೆಗಿಂತ ಒಳ್ಳೆಯದು ಎಂದ. ಮಾಷ್ಟ್ರು ಮಾತ್ರ ಕಾಗದವನ್ನು ಮಡಚಿ ವಾಪಸು ಕೊಟ್ಟರು.

"ನಡೆಯುವುದಾದ್ರೆ ಅದು ಓಟವಾ? ನನ್ನ ಹೆಸರು ಎಲ್ಲಿಯೂ ಹೇಳ್ಬೇಡ."

"ಹೇಳುವುದಿಲ್ಲ ಮಾಷ್ಟ್ರೇ. ಆದ್ರೆ ನಿಲ್ಲಿಸುವುದೂ ಇಲ್ಲ. ಒಮ್ಮೆ ನಿಮ್ಮ ಮಾತಿಗೆ ನಿಲ್ಲಿಸಿದ್ದೇನೆ."

ಮೂರು ತಿಂಗಳು ಅಕ್ಕ ಓಡುವುದನ್ನು ನಾನು ನೋಡಿದ್ದೇನೆ. ಅವರ ತಮ್ಮನೊಬ್ಬ ಬೊಂಬಾಯಿಯಲ್ಲಿದ್ದ. ಅವನು ಬಿಟ್ಟುಹೋಗಿದ್ದ ಬಿಳಿ ಪ್ಯಾಂಟನ್ನು ದರ್ಜಿಯಿಂದ ಸಣ್ಣ ಮಾಡಿಸಿ, ಮೇಲೊಂದು ಉದ್ದ ತೋಳಿನ ಅಂಗಿ ಹಾಕಿದರು. ದರ್ಜಿ ಯಾರಿಗೆ ಎಂದು ಕೇಳಿದ್ದಕ್ಕೆ "ನನಗೆ" ಎಂದರು, ಇನ್ನೇನೂ ವಿವರಿಸಲಿಲ್ಲ. ಕ್ಯಾನ್ವಾಸ್ ಬೂಟು ಮಳೆಯಲ್ಲಿ ನೆನೆದು ಒಣಗದೆ, ಬಚ್ಚಲ ಒಲೆಯ ಮೇಲೆ ತೂಗುಹಾಕಿ ಹೊಗೆಯ ವಾಸನೆ ಹಿಡಿದಿತ್ತು. ಮಣಿಪಾಲದ ಏರಿನಲ್ಲಿ ಹುಡುಗರು ಶಿಳ್ಳೆ ಹಾಕುತ್ತಿದ್ದರು. ಅಕ್ಕ ಒಂದು ದಿನ ನಿಂತು, ಶಿಳ್ಳೆ ಹಾಕಿದವನ ಹತ್ತಿರ ಹೋಗಿ, "ಸ್ವರ ಸಾಲದು, ಇನ್ನೊಮ್ಮೆ ಹಾಕು" ಎಂದರು. ಅವನಿಗೆ ಬಾಯಿ ಒಣಗಿತು.

ಜನವರಿಯ ಆ ಭಾನುವಾರಕ್ಕೆ ರಜೆ ಸಿಕ್ಕಿತು. ಹಿಂದಿನ ದಿನ ಅಕ್ಕ ಕಾರ್ಕಳದಲ್ಲಿ ನಮ್ಮ ಮನೆಗೇ ಬಂದು ಉಳಿದರು. ಬೆಳಗಾಗುವ ಮೊದಲೇ ಆನೆಕೆರೆಯ ಹತ್ತಿರ ಹೋದೆವು. ಐವತ್ತು ಅರವತ್ತು ಗಂಡಸರು ಬೆನ್ನಿಗೆ ನಂಬರು ಕಟ್ಟಿಕೊಂಡು ನಿಂತಿದ್ದರು. ಮಾಷ್ಟ್ರು ವಾಚು ಹಿಡಿದುಕೊಂಡು ಇನ್ನೊಂದು ಕಡೆ ನೋಡಿದರು. ಯುವಕ ಮಂಡಲದ ಕಾರ್ಯದರ್ಶಿ ಓಡಿ ಬಂದ.

"ಅಕ್ಕ, ನೀವು ಬೇಡ. ಹೆಂಗಸರ ಓಟ ಕಾಪುವಿನಲ್ಲಿ ಒಂಬತ್ತು ಗಂಟೆಗೆ ಉಂಟು. ಜೀಪಿನಲ್ಲಿ ಕಳಿಸ್ತೇವೆ."

"ನಾನು ಓಡಿಕೊಂಡೇ ಕಾಪುವಿಗೆ ಹೋಗ್ತೇನೆ."

"ಹೆಚ್ಚು ಕಮ್ಮಿ ಆದ್ರೆ ನಮ್ಮ ತಲೆ ಮೇಲೆ ಬರ್ತದೆ. ನಂಬರ್ ಕೊಡ್ಲಿಕ್ಕೆ ಆಗುವುದಿಲ್ಲ."

"ನಂಬರ್ ಬೇಡ. ಹೆಸರು ಬರೆದುಕೊಳ್ಳಿ, ಸಾಕು."

"ಅದೂ ಆಗುವುದಿಲ್ಲ."

"ರಸ್ತೆ ನಿಮ್ಮದಾ?"

"ನಮ್ಮದಲ್ಲ. ಸರಕಾರದ್ದು."

"ನಾನೂ ಸರಕಾರದ್ದೇ" ಎಂದು ಹೇಳಿ ಅಕ್ಕ ಸಾಲಿನ ಕೊನೆಯಲ್ಲಿ ಹೋಗಿ ನಿಂತರು.

ಸೀಟಿ ಊದಿದಾಗ ಗಂಡಸರೆಲ್ಲ ಒಮ್ಮೆಲೇ ನುಗ್ಗಿದರು. ಎರಡು ನಿಮಿಷದಲ್ಲಿ ರಸ್ತೆ ಖಾಲಿ, ಹಿಂದೆ ಅಕ್ಕ ಒಬ್ಬರೇ. ಒಂಬತ್ತು ನಿಮಿಷ ಆದದ್ದೇ ಅವರು ನಡೆಯತೊಡಗಿದರು. ಜೀಪಿನಲ್ಲಿದ್ದವರು, "ಇಷ್ಟರಲ್ಲೇ ಸುಸ್ತಾಯ್ತಾ?" ಎಂದು ಕೂಗಿ ನಕ್ಕು ಹೋದರು. ನನಗೆ ಅಳು ಬಂತು. ಅಕ್ಕ ಕೈ ಬೀಸುತ್ತ ನಡೆದರು, ಮೂರು ನಿಮಿಷ, ಆಮೇಲೆ ಓಡಿದರು.

ನಾನು ಬಸ್ಸು ಹಿಡಿದು ಮುಂದೆ ಮುಂದೆ ಇಳಿದು ಕಾಯುತ್ತಿದ್ದೆ. ಬೆಳ್ಮಣ್ಣಿನಲ್ಲಿ ಅವರು ಬಂದಾಗ ಮುಖದಲ್ಲಿ ಆಯಾಸವಿರಲಿಲ್ಲ. ಪಡುಬಿದ್ರಿಗೆ ಬರುವಷ್ಟರಲ್ಲಿ ಇಬ್ಬರು ಗಂಡಸರು ಅವರ ಹಿಂದೆ ಉಳಿದಿದ್ದರು. ಒಬ್ಬ ಮೋರಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ. ಇನ್ನೊಬ್ಬ ನನ್ನ ಬಸ್ಸನ್ನೇ ಹತ್ತಿದ.

ಕಾಪುವಿನ ಹೊತ್ತಿಗೆ ಬಿಸಿಲು ಸುಡುತ್ತಿತ್ತು. ಮುಂದಿನವರು ಹೋಗಿಯಾಯಿತೆಂದು ನೀರು ಕೊಡುವ ಮೇಜುಗಳನ್ನು ಎತ್ತಿಬಿಟ್ಟಿದ್ದರು. ನನ್ನ ಬಾಟಲಿಯಲ್ಲಿದ್ದದ್ದು ಮುಗಿದಿತ್ತು. ಅಕ್ಕ ರಸ್ತೆ ಬದಿಯ ಬ್ಯಾರಿ ಮುಸ್ಲಿಮರ ಒಂದು ಮನೆಯ ಗೇಟಿನಲ್ಲಿ ನಿಂತು, "ಸ್ವಲ್ಪ ನೀರು ಕೊಡ್ತೀರಾ?" ಎಂದರು. ಒಳಗಿಂದ ತಲೆಗೆ ಬಟ್ಟೆ ಹೊದ್ದ ಹಿರಿಯ ಹೆಂಗಸು ಬಂದು, ಬೆವರಿನಲ್ಲಿ ತೊಯ್ದ ಪ್ಯಾಂಟು ಅಂಗಿಯ ಈ ಆಕೃತಿಯನ್ನು ನೋಡಿ ತಡೆದು ನಿಂತರು.

"ಇನ್ನೊಮ್ಮೆ ಮಾತಾಡಿ."

"ನೀರು ಬೇಕಿತ್ತು ಅಂದೆ."

"ಅಲ್ಲಾ! ನೀವು ಟ್ರಂಕ್ ಕಾಲಿನವರಲ್ವಾ? ನನ್ನ ಮಗ ದುಬಾಯಿಯಿಂದ ಮಾಡುವಾಗ ಲೈನು ಕೊಡುವವರು!"

ಅವರು ನೀರು ತರಲಿಲ್ಲ. ದೊಡ್ಡ ಚೆಂಬಿನಲ್ಲಿ ಲಿಂಬೆ ಶರಬತ್ತು ತಂದರು, ಉಪ್ಪು ಹಾಕಿ ತಂದರು. ಎಂತಕ್ಕೆ ಓಡುವುದು ಎಂದು ಕೇಳಿದರು. ಉತ್ತರ ಕೇಳಿ ಮುಗಿಯುವ ಮೊದಲೇ, "ಗಂಡಸರು ಹೋಗಿ ಎಷ್ಟೋ ಹೊತ್ತಾಯ್ತು, ಇರಲಿ, ನೀವು ಹೋಗಿ, ನಿಲ್ಬೇಡಿ" ಎಂದು ಅವರೇ ಗೇಟು ತೆರೆದು ಕಳಿಸಿದರು.

ಕಟಪಾಡಿಯ ಹತ್ತಿರ ಮುಗಿಯುವ ಜಾಗಕ್ಕೆ ನಾನು ಮುಂಚೆಯೇ ಹೋಗಿ ನಿಂತೆ. ಬಹುಮಾನ ಹಂಚಿಯಾಗಿತ್ತು. ಶಾಮಿಯಾನದ ಕಂಬಗಳನ್ನು ಕೀಳುತ್ತಿದ್ದರು. ಮಾಷ್ಟ್ರು ಮಾತ್ರ ಕೊಡೆ ಬಿಡಿಸಿಕೊಂಡು, ಸುಣ್ಣದ ಗೆರೆಯ ಪಕ್ಕದಲ್ಲಿ ಒಂದು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಕಾರ್ಯದರ್ಶಿ ಬಂದು ಊಟಕ್ಕೆ ಕರೆದರೆ, "ಇನ್ನೊಬ್ಬಳು ಬರ್ಲಿಕ್ಕುಂಟು" ಎಂದರು.

ಅಕ್ಕ ಬಂದರು. ಕೊನೆಯ ತಿರುವಿನಲ್ಲಿ ಅವರು ನಡೆಯುತ್ತಿದ್ದರು. ಗೆರೆ ಕಣ್ಣಿಗೆ ಕಂಡರೂ ಓಡಲಿಲ್ಲ, ತನ್ನ ಮೂರು ನಿಮಿಷವನ್ನು ಪೂರ್ತಿ ನಡೆದೇ ಮುಗಿಸಿದರು. ಆಮೇಲೆ ಓಡಿ ಗೆರೆ ದಾಟಿದರು. ಮಾಷ್ಟ್ರು ವಾಚಿನ ಗುಂಡಿ ಒತ್ತಿದರು.

"ಐದು ಗಂಟೆ ಐವತ್ತೊಂದು ನಿಮಿಷ" ಎಂದು ಓದಿದರು. ಸ್ವರ ತಗ್ಗಿಸಿ, "ನಡೆದ ಹೊತ್ತನ್ನು ಕಳೆದ್ರೆ ನಾಲ್ಕೂವರೆಯ ಒಳಗೇ ಬರ್ತದೆ. ಹಾಗೆ ಹೇಳುವಾ. ಮರ್ಯಾದೆಯ ಟೈಮು" ಎಂದರು. ಅದು ಅವರಿಗೆ ತಿಳಿದ ರೀತಿಯ ಪ್ರೀತಿ.

ಅಕ್ಕ ಸೊಂಟಕ್ಕೆ ಕೈಯಿಟ್ಟು ಉಸಿರು ಎಳೆದುಕೊಳ್ಳುತ್ತಿದ್ದರು. "ಎಂತದೂ ಕಳೆಯುವುದು ಬೇಡ ಮಾಷ್ಟ್ರೇ. ನಡೆದದ್ದನ್ನೂ ಸೇರಿಸಿ ಹೇಳಿ. ಅದೂ ನನ್ನದೇ."

ಮಾಷ್ಟ್ರು ಅವರನ್ನು ನೋಡಿದರು. ಎದ್ದು ಕಾರ್ಯದರ್ಶಿಯ ಬಳಿ ಹೋಗಿ, "ಪುಸ್ತಕ ತೆಗಿ. ಐದು ಐವತ್ತೊಂದು" ಎಂದರು.

"ಪುಸ್ತಕ ಮುಗಿಸಿಯಾಯ್ತು ಸರ್. ಅವರದ್ದು ಎಂಟ್ರಿಯೇ ಇಲ್ಲ."

"ಹಾಗಾದ್ರೆ ಇವತ್ತು ನಾನು ನೋಡಿದ ಉಳಿದ ಟೈಮುಗಳನ್ನೂ ಹೊಡೆದು ಹಾಕು. ನೋಡಿದ ಕಣ್ಣು ಒಂದೇ."

ಅವನು ಹೊಡೆದು ಹಾಕಲಿಲ್ಲ, ಬರೆದುಕೊಳ್ಳಲೂ ಇಲ್ಲ. ಮಾಷ್ಟ್ರು ಮಡಚುವ ಕುರ್ಚಿಯನ್ನು ಅಲ್ಲೇ ಬಿಟ್ಟು, ನಮ್ಮ ಜೊತೆ ಬಸ್ಸಿಗೆ ಬಂದರು. ಉದ್ಯಾವರದಲ್ಲಿ ಇಳಿಯುವಾಗ ಅಕ್ಕನ ಕಾಲು ಬಾಗಲಿಲ್ಲ, ಮಾಷ್ಟ್ರೇ ಕೈ ಹಿಡಿದು ಇಳಿಸಿದರು. ಮನೆಯಲ್ಲಿ ತಾಯಿ ಬಿಸಿನೀರು ಕಾಯಿಸಿಟ್ಟು ಕಾಯುತ್ತಿದ್ದರು. ಯಾರು ಅಟ್ಟಿಸಿಕೊಂಡು ಬರ್ತಾರೆ ಎಂಬ ಯಾವತ್ತಿನ ಪ್ರಶ್ನೆಯನ್ನು ಅಂದು ಕೇಳಲಿಲ್ಲ. ಮಗಳ ಕಾಲಿಗೆ ತಾವೇ ನೀರು ಹೊಯ್ದರು.

ಮುಂದಿನ ವರ್ಷ ಮಂಡಲದವರು ತಮ್ಮೊಳಗೆ ಜಗಳವಾಡಿಕೊಂಡು ಓಟವನ್ನೇ ಇಡಲಿಲ್ಲ. ಅಕ್ಕ ಇಟ್ಟರು. ಅದೇ ರಸ್ತೆ, ಅದೇ ಜನವರಿ. ಮಣಿಪಾಲದ ಇಬ್ಬರು ನರ್ಸುಗಳು, ಬೆಳ್ಮಣ್ಣಿನ ಒಬ್ಬ ಟೀಚರು, ಅಕ್ಕ, ಮತ್ತು ನಾನು. ಪ್ರತಿಯೊಬ್ಬರಿಗೂ ಅಕ್ಕ ಬೇರೆ ಬೇರೆ ಕ್ರಮ ಬರೆಸಿದ್ದರು. ಬರೆಸುವ ಮೊದಲು ಎಷ್ಟು ಓಡುತ್ತೀರಿ ಎಂದು ಕೇಳುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ನೀರು ಸೇದುವವರು ಯಾರು, ಮಕ್ಕಳನ್ನು ಎಬ್ಬಿಸುವವರು ಯಾರು, ಇದನ್ನೇ ಕೇಳುತ್ತಿದ್ದರು. ನಾನು ಬೆಳ್ಮಣ್ಣಿನವರೆಗೆ ಓಡಿ ಬಸ್ಸು ಹತ್ತಿದೆ. ಸಂಜೆ ಮುಖ ತಪ್ಪಿಸಿಕೊಂಡು ಕೂತಿದ್ದಾಗ ಅಕ್ಕ, "ಬೆಳ್ಮಣ್ಣಿನ ತನಕ ಓಡಿದ್ದೇನೆ ಅಂತ ಹೇಳು. ಸುಳ್ಳೂ ಬೇಡ, ನಾಚಿಕೆಯೂ ಬೇಡ" ಎಂದರು.

ಟ್ರಂಕ್ ಬೋರ್ಡು ಹೋಯಿತು, ನೇರ ಡಯಲ್ ಬಂತು, ನಾವು ಬೇರೆ ಬೇರೆ ಕೆಲಸಕ್ಕೆ ಬಿದ್ದೆವು. ಅಕ್ಕ ಬನ್ನಂಜೆಯಲ್ಲಿ ಮನೆ ಮಾಡಿದರು. ಎಪ್ಪತ್ತು ದಾಟಿದ ಮೇಲೆ ಮೊಣಕಾಲು ನೋಯತೊಡಗಿತು. ಡಾಕ್ಟರರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಎಳೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ನನ್ನಿಂದ ಹಳೆಯ ಕಥೆ ಕೇಳಿ, "ಅಷ್ಟೆಲ್ಲ ಓಡಿದ್ದಕ್ಕೇ ಮಂಡಿ ಸವೆದದ್ದು ಅಮ್ಮ" ಎಂದರು.

ಅಕ್ಕ ಬಾಗಿಲ ಕಡೆ ಬೆರಳು ತೋರಿಸಿದರು. "ಹೊರಗೆ ಬೆಂಚಿನಲ್ಲಿ ಮಂಡಿ ಹಿಡಿದುಕೊಂಡು ಹತ್ತು ಜನ ಹೆಂಗಸರು ಕೂತಿದ್ದಾರಲ್ಲ ಡಾಕ್ಟ್ರೇ. ಅವರಲ್ಲಿ ಎಷ್ಟು ಜನ ಓಡಿದ್ದಾರೆ, ಕೇಳಿ ಬನ್ನಿ. ನಾನು ಕಾಯ್ತೇನೆ."